ಸಮಾಧಾನ ಹೇಳಿದ ಮೇಲೆ ಮಗು ಏನಾಯಿತು?

ಕೊಡಗಿನ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕವನ್ನು ಬಯಲುಸೀಮೆಯ ಕಣ್ಣಿನಿಂದ ಓದಿದರೆ ಅರ್ಥವಾಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜಿಲ್ಲಾಡಳಿತ ಆಗಾಗ ಮಳೆ ರಜೆ ಘೋಷಿಸುತ್ತದೆ. ರಜೆ ಇಲ್ಲದ ದಿನವೂ ತುಂಬಿದ ಹೊಳೆಯ ಆಚೆ ದಡದ ಮಕ್ಕಳು ಬರಲಾರರು. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಬಿರುಸಾದರೆ ಕೂಲಿ ಕುಟುಂಬಗಳು ಒಂದು ತೋಟದ ಲೈನ್ ಮನೆಯಿಂದ ಇನ್ನೊಂದು ತೋಟಕ್ಕೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೊರಡುತ್ತಾರೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ತೋಟದಲ್ಲಿ ಆನೆ ನಿಂತಿದೆ ಎಂಬ ಸುದ್ದಿ ಬಂದರೆ ಶಾಲೆಗೆ ನಡೆದು ಬರುವ ದಾರಿಯೇ ಅಂದಿಗೆ ಮುಚ್ಚಿದ ಹಾಗೆ. ಈ ಎಲ್ಲ ಗೈರುಗಳ ನಡುವೆ ಬೇರೆಯದೇ ಕಾರಣದ ಗೈರೂ ಒಂದಿರುತ್ತದೆ. ಮನೆಯಲ್ಲಿ ಕುಡಿತ ಮತ್ತು ಹೊಡೆತ, ತರಗತಿಯಲ್ಲಿ ಅಣಕ, ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಲು ಬಾರದ ನಾಚಿಕೆ, ಕಣ್ಣೆದುರೇ ಜಾರಿಹೋದ ಗುಡ್ಡ. ಪುಸ್ತಕದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಗುರುತು. ಒಳ್ಳೆಯ ಶಿಕ್ಷಕರು ಆ ಮಗುವನ್ನು ಗುರುತಿಸುತ್ತಾರೆ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ, ಧೈರ್ಯ ಹೇಳುತ್ತಾರೆ. ಆಪ್ತಸಮಾಲೋಚನೆಯ ಮೊದಲ ಹೆಜ್ಜೆ ಅದೇ. ಆದರೆ ಎರಡು ತಿಂಗಳ ನಂತರ ಆ ಮಗು ಏನಾಯಿತು, ಆಡಿದ ಮಾತಿನಿಂದ ಏನಾದರೂ ಬದಲಾಯಿತೇ ಎಂಬುದನ್ನು ಬರೆದಿಡುವ ಅಂಕಣ ಶಾಲೆಯ ದಿನನಿತ್ಯದ ದಾಖಲೆಗಳಲ್ಲಿಲ್ಲ. ಆ ಅಂಕಣ ಬೇಕು, ಅದು ಮಗುವನ್ನು ಅಳೆಯಬಾರದು, ಮಗುವಿಗೆ ಸಿಕ್ಕ ನೆರವನ್ನು ಅಳೆಯಬೇಕು ಎಂಬುದು ಈ ಲೇಖನದ ವಾದ.

ನೆರವಿನ ಅಗತ್ಯ ಎಷ್ಟೆಂಬ ಅಂದಾಜು ನಮ್ಮ ರಾಜ್ಯದಲ್ಲೇ ಸಿಗುತ್ತದೆ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳ ಮಕ್ಕಳ ಮೇಲೆ ನಿಮ್ಹಾನ್ಸ್ ತಜ್ಞರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 4ರಿಂದ 16 ವರ್ಷದವರಲ್ಲಿ ಶೇ 12ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ಅಥವಾ ವರ್ತನೆಯ ತೊಂದರೆಯಿತ್ತು. ಅದಕ್ಕಿಂತ ಯೋಚಿಸಬೇಕಾದ ಅಂಶ ಇನ್ನೊಂದಿದೆ: ತಮ್ಮ ಮಗುವಿಗೆ ಏನೋ ತೊಂದರೆಯಿದೆ ಎಂದು ಗ್ರಹಿಸಿದ್ದ ಕುಟುಂಬಗಳು ಶೇ 37.5 ಮಾತ್ರ. ಮನೆ ಕಾಣದ್ದನ್ನು ಶಾಲೆ ಕಾಣಬೇಕಾಗುತ್ತದೆ. ಆದರೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆಪ್ತಸಮಾಲೋಚಕರ ಹುದ್ದೆಯೇ ಇಲ್ಲ. ಸಿಬಿಎಸ್‌ಇ ತನ್ನ ಪ್ರೌಢಶಾಲೆಗಳಿಗೆ ಅಂಥವರನ್ನು ಕಡ್ಡಾಯ ಮಾಡಿದೆ; ಹಾಡಿಯ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ, ಬಿಸಿಯೂಟ, ಗಣತಿ, ಸಮಾಲೋಚನೆ ಎಲ್ಲವೂ ಒಬ್ಬಿಬ್ಬರು ಶಿಕ್ಷಕರ ಹೆಗಲ ಮೇಲಿವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಬಿಐಇಆರ್‌ಟಿ ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಗಮನ ಮುಖ್ಯವಾಗಿ ವಿಶೇಷ ಅಗತ್ಯದ ಮಕ್ಕಳ ಮೇಲೆ. ಇಷ್ಟು ತೆಳುವಾದ ವ್ಯವಸ್ಥೆಯಲ್ಲಿ ಇರುವ ಪ್ರತಿ ಗಂಟೆಯೂ ಬೆಲೆಯುಳ್ಳದ್ದು. ಆ ಗಂಟೆ ಯಾವ ಮಗುವಿಗೆ, ಯಾವ ರೀತಿಯಲ್ಲಿ ಕೊಟ್ಟರೆ ಫಲ ಎಂದು ತಿಳಿಯದೆ ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ.

ಒಳ್ಳೆಯ ಮನಸ್ಸಿನಿಂದ ಕೊಟ್ಟ ನೆರವು ಒಳ್ಳೆಯದನ್ನೇ ಮಾಡುತ್ತದೆ, ಅದನ್ನು ಅಳೆಯುವುದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಳೆಯ ಪ್ರಯೋಗವೊಂದರಲ್ಲಿದೆ. 1939ರಲ್ಲಿ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಜೋಡಿ ಪಟ್ಟಣಗಳಲ್ಲಿ 506 ಹುಡುಗರನ್ನು ಆಯ್ದು, ವಯಸ್ಸು, ಸ್ವಭಾವ, ಮನೆ ಪರಿಸ್ಥಿತಿ ಹೊಂದುವಂತೆ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಸಲಹೆಗಾರರ ನೆರವು ಕೊಟ್ಟರು. ಹೆಚ್ಚಿನವರು ಹತ್ತು ವರ್ಷದ ಆಸುಪಾಸಿನವರು, ಅಂದರೆ ನಮ್ಮ ನಾಲ್ಕು, ಐದನೇ ತರಗತಿಯ ವಯಸ್ಸು. ವರ್ಷಗಟ್ಟಲೆ ಮನೆ ಭೇಟಿ, ಪಾಠದ ನೆರವು, ಬೇಸಿಗೆ ಶಿಬಿರ, ವೈದ್ಯಕೀಯ ಸಹಾಯ ಎಲ್ಲವೂ ನಡೆಯಿತು. ಮೂವತ್ತು ವರ್ಷಗಳ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ಮಾತಾಡಿಸಿದರು. ನೆರವು ಪಡೆದವರಲ್ಲಿ ಬಹುಪಾಲು ಮಂದಿ ಅದರಿಂದ ತಮಗೆ ಒಳಿತಾಯಿತು ಎಂದೇ ಹೇಳಿದರು. ಆದರೆ 1978ರಲ್ಲಿ ಮೆಕ್‌ಕಾರ್ಡ್ ಪ್ರಕಟಿಸಿದ ಹೋಲಿಕೆ ಬೇರೆಯೇ ಹೇಳಿತು: ಕುಡಿತದ ಚಟ, ತೀವ್ರ ಮಾನಸಿಕ ಕಾಯಿಲೆ, ಮತ್ತೆ ಅಪರಾಧಕ್ಕೆ ಇಳಿಯುವುದು, ಅಕಾಲ ಮರಣ ಮುಂತಾದ ಹಲವು ವಿಷಯಗಳಲ್ಲಿ ನೆರವು ಪಡೆದವರ ಸ್ಥಿತಿ ಪಡೆಯದವರಿಗಿಂತ ಕೆಟ್ಟಿತ್ತು. ಸಮಾಲೋಚನೆ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಇದರಿಂದ ಬರಬೇಕಿಲ್ಲ. ಕೊಟ್ಟವರ ತೃಪ್ತಿಯಾಗಲಿ ಪಡೆದವರ ಕೃತಜ್ಞತೆಯಾಗಲಿ ಫಲಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದಷ್ಟೇ ಇಲ್ಲಿನ ಪಾಠ. ಹೋಲಿಸಿ ನೋಡಲು ಇನ್ನೊಂದು ಗುಂಪು ಇರದಿದ್ದರೆ ಆ ಯೋಜನೆ ಯಶಸ್ಸಿನ ಮಾದರಿಯೆಂದೇ ಇತಿಹಾಸದಲ್ಲಿ ಉಳಿಯುತ್ತಿತ್ತು.

ನಮ್ಮ ದೇಶದ ಅನುಭವವೂ ಇದಕ್ಕೆ ಹೊರತಲ್ಲ. ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1970ರ ದಶಕದ ಕೊನೆಯಲ್ಲೇ ಶಾಲಾ ಶಿಕ್ಷಕರಿಗೆ ಮಕ್ಕಳ ಭಾವನಾತ್ಮಕ ತೊಂದರೆಗಳ ಬಗ್ಗೆ ತರಬೇತಿ ಕೊಟ್ಟು, ಅದರ ಫಲವನ್ನೂ ಪರೀಕ್ಷಿಸಿದ್ದರು. ಮುಂದೆ ಅದೇ ಸಂಸ್ಥೆ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಶಿಕ್ಷಕರ ಮೂಲಕವೇ ನಡೆಸಿದ ಜೀವನ ಕೌಶಲ ಕಾರ್ಯಕ್ರಮದ ಮೌಲ್ಯಮಾಪನ 2010ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಇದ್ದ ಶಾಲೆಗಳ ಮಕ್ಕಳ ಆತ್ಮಗೌರವ, ಹೊಂದಾಣಿಕೆ, ಕಷ್ಟ ಎದುರಿಸುವ ಶಕ್ತಿ ಇಲ್ಲದ ಶಾಲೆಗಳ ಮಕ್ಕಳಿಗಿಂತ ಉತ್ತಮವಾಗಿತ್ತು. ಇಷ್ಟನ್ನೇ ಓದಿದವರು ಶಿಕ್ಷಕರಿಗೆ ತರಬೇತಿ ಕೊಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ಬಿಹಾರದ ನಳಂದಾ ಜಿಲ್ಲೆಯಲ್ಲಿ ನಡೆದ ಸೆಹೆರ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಾಗ ಚಿತ್ರ ತಿರುಗಿತು. ಹೆಚ್ಚುಕಡಿಮೆ ಅದೇ ಬಗೆಯ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರಿಂದ, ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಸಲಹೆಗಾರರಿಂದ ಮಾಡಿಸಿದರು. ಸಲಹೆಗಾರರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ ಮತ್ತು ಬೆದರಿಸುವಿಕೆ ಇಳಿದವು. ಶಿಕ್ಷಕರೇ ನಡೆಸಿದ ಕಡೆ ಅಂಥ ಫಲ ಕಾಣಲಿಲ್ಲ. ಒಂದೇ ಆಲೋಚನೆ ಒಂದು ಕಡೆ ಶಿಕ್ಷಕರ ಕೈಯಲ್ಲಿ ಕೆಲಸ ಮಾಡಿತು, ಇನ್ನೊಂದು ಕಡೆ ಮಾಡಲಿಲ್ಲ. ಕೊಡಗಿನಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ಬೆಂಗಳೂರಿನಿಂದಲೋ ನಳಂದಾದಿಂದಲೋ ಎರವಲು ತಂದು ಹೇಳಲಾಗದು. ಅವೆರಡೂ ಪ್ರೌಢಶಾಲೆಯ ಪ್ರಯೋಗಗಳು. ಏಳು, ಎಂಟು ವರ್ಷದ ಮಕ್ಕಳ ವಿಷಯದಲ್ಲಂತೂ ಇಲ್ಲೇ ನೋಡಿ ತಿಳಿಯಬೇಕು.

ಹಾಗಾದರೆ ಏನನ್ನು ನೋಡುವುದು? ಅಮೆರಿಕದ ಶಾಲಾ ಸಮಾಲೋಚಕರ ಸಂಘ 2003ರಲ್ಲಿ ತನ್ನ ರಾಷ್ಟ್ರೀಯ ಮಾದರಿಯನ್ನು ಪ್ರಕಟಿಸಿದಾಗ ವೃತ್ತಿಯ ಪ್ರಶ್ನೆಯನ್ನೇ ತಿರುಗಿಸಿತು. ಸಮಾಲೋಚಕರು ಏನು ಮಾಡಿದರು ಎಂದು ಕೇಳುವ ಬದಲು, ಅವರು ಮಾಡಿದ್ದರಿಂದ ಮಕ್ಕಳಲ್ಲಿ ಏನು ಬದಲಾಯಿತು ಎಂದು ಕೇಳಬೇಕೆಂದಿತು. ಅದರಂತೆ ದಾಖಲೆ ಮೂರು ಹಂತದ್ದು: ನೆರವು ಯಾರಿಗೆ ಎಷ್ಟು ತಲುಪಿತು, ಅದರಿಂದ ಮಗು ಏನು ಕಲಿತಿತು, ಕೊನೆಗೆ ಹಾಜರಾತಿ, ನಡವಳಿಕೆ, ಓದಿನಲ್ಲಿ ಏನು ವ್ಯತ್ಯಾಸವಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ವರದಿಯಾಗುವುದು ಮೊದಲನೆಯದು ಮಾತ್ರ. ಇಷ್ಟು ಕಾರ್ಯಾಗಾರ, ಇಷ್ಟು ಫಲಾನುಭವಿಗಳು. ಉಳಿದೆರಡಕ್ಕೆ ಸಲಕರಣೆಗಳಿಲ್ಲವೆಂದಲ್ಲ. ಬ್ರಿಟಿಷ್ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ರೂಪಿಸಿದ ಎಸ್‌ಡಿಕ್ಯೂ ಎಂಬ 25 ಅಂಶಗಳ ಪ್ರಶ್ನಾವಳಿಯನ್ನು ಶಿಕ್ಷಕರು ಅಥವಾ ಪಾಲಕರು ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಕನ್ನಡ ಅನುವಾದವೂ ಇದೆ. ಭಯ ಮತ್ತು ಬೇಸರ, ಒರಟುತನ, ಚಂಚಲತೆ, ಗೆಳೆಯರೊಡನೆ ತೊಡಕು ಎಂಬ ನಾಲ್ಕು ತೊಂದರೆಗಳ ಜೊತೆಗೆ ಇತರರಿಗೆ ನೆರವಾಗುವ ಗುಣವನ್ನೂ ಅದು ಕೇಳುತ್ತದೆ. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ 1994ರಿಂದ ಕೆಲಸ ಮಾಡುತ್ತಿರುವ ಪ್ಲೇಸ್‌ಟುಬಿ ಎಂಬ ಸಂಸ್ಥೆ ಸಮಾಲೋಚನೆಗೆ ಮುನ್ನ ಮತ್ತು ನಂತರ ಇದನ್ನೇ ಬಳಸುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ ನಗುಮುಖದಿಂದ ಅಳುಮುಖದವರೆಗೆ ಎಳೆದ ಗೆರೆಯ ಮೇಲೆ ಗುರುತು ಹಾಕುವ ಮಾಪಕಗಳಿವೆ: ಮನೆ, ಶಾಲೆ, ಒಟ್ಟು ದಿನ ಹೇಗಿತ್ತು ಎಂದು ಓದು ಬಾರದ ಮಗುವೂ ತಾನೇ ತೋರಿಸಬಹುದು.

ಆದರೆ ಸಲಕರಣೆಯನ್ನು ತಂದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ. ಕೊಡಗಿನ ನೆಲ ಪ್ರತಿ ಹೆಜ್ಜೆಯಲ್ಲೂ ತಪ್ಪು ಓದಿಗೆ ದಾರಿ ಮಾಡುತ್ತದೆ. ಮನೆಯಲ್ಲಿ ಎರವ ಅಥವಾ ಜೇನುಕುರುಬ ಮಾತಾಡುವ ಮಗು ಒಂದನೇ ತರಗತಿಯ ಕನ್ನಡದ ನಡುವೆ ತಿಂಗಳುಗಟ್ಟಲೆ ಮೌನವಾಗಿರಬಹುದು. ಪ್ರಶ್ನಾವಳಿಯಲ್ಲಿ ಅದು ಒಂಟಿತನ ಅಥವಾ ಅಂಜಿಕೆಯೆಂದು ದಾಖಲಾಗುತ್ತದೆ. ನಿಜದಲ್ಲಿ ಆ ಮಗುವಿಗೆ ಬೇಕಾದದ್ದು ತನ್ನ ಮಾತು ಬಲ್ಲ ಒಬ್ಬರು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗುವಿನ ಕಥೆಯೂ ಅದೇ. ಡಿಸೆಂಬರ್, ಜನವರಿಯ ಗೈರನ್ನು ಶಾಲೆಯ ಮೇಲಿನ ನಿರಾಸಕ್ತಿ ಎಂದು ಓದಿದರೆ ಕೊಯ್ಲಿನ ಕೂಲಿಯ ಅರ್ಥಶಾಸ್ತ್ರವನ್ನು ಮಗುವಿನ ಮನಸ್ಸಿನ ಮೇಲೆ ಹೊರಿಸಿದಂತೆ. ಡಿಸೆಂಬರ್ 2016ರಲ್ಲಿ ದಿಡ್ಡಳ್ಳಿಯ ತೆರವು ಕಾರ್ಯಾಚರಣೆಯಲ್ಲಿ ಗುಡಿಸಲು ಕಳೆದುಕೊಂಡು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಸ್ಥಳಾಂತರಗೊಂಡ ಕುಟುಂಬಗಳ ಮಕ್ಕಳಲ್ಲಿ ಸಿಟ್ಟೋ ಹಿಂಜರಿಕೆಯೋ ಕಂಡರೆ ಅದರ ಬೇರು ಎಲ್ಲಿದೆ ಎಂದು ಯಾವ 25 ಪ್ರಶ್ನೆಗಳೂ ಹೇಳಲಾರವು. ಅಂಕಿಯ ಪಕ್ಕದಲ್ಲಿ ಒಂದು ಸಾಲಿನ ಕಾರಣ ಇಲ್ಲದಿದ್ದರೆ ಇಲ್ಲಿನ ಯಾವ ಅಂಕಿಯೂ ಪೂರ್ಣವಲ್ಲ.

ಅತ್ಯಂತ ಸೂಕ್ಷ್ಮವಾದ ತಪ್ಪು ಮಳೆಯಿಂದ ಬರುತ್ತದೆ. ಆಗಸ್ಟ್ 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿ, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದವು. ಮರುವರ್ಷ ವಿರಾಜಪೇಟೆಯ ಕಡೆ ತೋರದಲ್ಲಿ ಕುಸಿತ, ಕರಡಿಗೋಡು ಮತ್ತು ನೆಲ್ಯಹುದಿಕೇರಿಯಲ್ಲಿ ಪ್ರವಾಹ. 2020ರಲ್ಲಿ ತಲಕಾವೇರಿಯ ಬೆಟ್ಟ. ಅಂಥದ್ದನ್ನು ಕಂಡ ಮಗು ಜೋರು ಮಳೆಗೆ ಬೆಚ್ಚುತ್ತದೆ, ರಾತ್ರಿ ನಿದ್ದೆಗೆಡುತ್ತದೆ, ತಾಯಿಯನ್ನು ಬಿಟ್ಟು ಶಾಲೆಗೆ ಹೋಗಲು ಒಲ್ಲೆನ್ನುತ್ತದೆ. ಆಗಸ್ಟ್‌ನಲ್ಲಿ ಸಮಾಲೋಚನೆ ಶುರುಮಾಡಿ ನವೆಂಬರಿನಲ್ಲಿ ಅಳೆದರೆ ಫಲ ಅದ್ಭುತವಾಗಿ ಕಾಣುವುದು ಖಂಡಿತ, ಏಕೆಂದರೆ ಅಷ್ಟರಲ್ಲಿ ಮಳೆ ನಿಂತಿರುತ್ತದೆ. ಆ ಸುಧಾರಣೆ ಸಮಾಲೋಚನೆಯದೋ ಋತುವಿನದೋ ಎಂದು ತಿಳಿಯುವುದು ಮುಂದಿನ ಜೂನ್, ಜುಲೈನಲ್ಲಿ ಮತ್ತೆ ನೋಡಿದಾಗಲೇ. ತೊಂದರೆ ತುತ್ತತುದಿಯಲ್ಲಿದ್ದಾಗ ಆಯ್ಕೆಯಾದ ಮಕ್ಕಳು ಯಾರೂ ಏನೂ ಮಾಡದಿದ್ದರೂ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ ಎಂಬುದು ಸಂಖ್ಯಾಶಾಸ್ತ್ರದ ಹಳೆಯ ಎಚ್ಚರಿಕೆ. ಕೊಡಗಿನಲ್ಲಿ ಅದಕ್ಕೆ ಹವಾಮಾನವೂ ಸೇರಿಕೊಂಡಿದೆ. ಹಾಗಾಗಿ ಇಲ್ಲಿ ಹೋಲಿಕೆ ಈ ತಿಂಗಳಿಗೂ ಕಳೆದ ತಿಂಗಳಿಗೂ ಅಲ್ಲ. ಈ ಜುಲೈಗೂ ಕಳೆದ ಜುಲೈಗೂ, ಈ ಜನವರಿಗೂ ಕಳೆದ ಜನವರಿಗೂ. ಕಾಫಿ ಬೆಳೆಗಾರರಿಗೆ ಇದು ಹೊಸ ವಿದ್ಯೆಯೇನಲ್ಲ. ತೋಟದ ಮಳೆಮಾಪಕದ ಅಂಕಿಯನ್ನು ದಿನವೂ ಪುಸ್ತಕಕ್ಕೆ ಇಳಿಸುವವರು ಮಳೆಗೆ ಅಂಕ ಕೊಡುವುದಕ್ಕಾಗಿ ಹಾಗೆ ಮಾಡುವುದಿಲ್ಲ. ಹಿಂದಿನ ವರ್ಷಗಳ ಅದೇ ವಾರದೊಡನೆ ಇಟ್ಟು ನೋಡಿ ಮುಂದೇನು ಮಾಡಬೇಕೆಂದು ನಿರ್ಧರಿಸುವುದಕ್ಕಾಗಿ ಮಾಡುತ್ತಾರೆ.

ಅಳತೆ ಎಂದೊಡನೆ ಪರೀಕ್ಷೆ ನೆನಪಾಗುವುದು ಕರ್ನಾಟಕದಲ್ಲಿ ಸಹಜ. 5, 8ನೇ ತರಗತಿಯ ಮಕ್ಕಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬೇಕೇ ಬೇಡವೇ ಎಂಬ ಜಗಳ ಹೈಕೋರ್ಟ್ ಹತ್ತಿ, ಏಪ್ರಿಲ್ 2024ರಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡುವವರೆಗೂ ಹೋಯಿತು. ಈ ಹಿನ್ನೆಲೆಯಲ್ಲಿ ಮಗುವಿನ ಮನಸ್ಸಿಗೂ ಅಂಕ ಕೊಡಲು ಹೊರಟಿರಾ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮನ್ನು ತೆರೆದು ನೋಡಿ. ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸಬೇಕು ಎಂಬ ಮಾತೂ, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಬೇಕು ಎಂಬ ಮಾತೂ ಅಲ್ಲಿ ಒಂದರ ಪಕ್ಕ ಒಂದು ಇವೆ. ನಾವು ಎರಡನೆಯದನ್ನು ಎಫ್‌ಎ, ಎಸ್‌ಎ ಎಂಬ ಪರೀಕ್ಷಾ ಮಾಲೆಯಾಗಿ ಕಟ್ಟಿದೆವು. ಮೊದಲನೆಯದು ನೆರವೇರಿತೇ ಎಂದು ಯಾವತ್ತೂ ನೋಡಲಿಲ್ಲ. ನೋಡಬೇಕಾದ ಬಗೆಗೆ ಮಾದರಿಯೂ ಹತ್ತಿರದಲ್ಲೇ ಇದೆ. 1995ರಲ್ಲಿ ಕೊಡಗಿನ ಗಡಿಗೆ ತಾಗಿದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಕಟ್ಟಿದ ನಲಿ-ಕಲಿಯಲ್ಲಿ ಕಲಿಕಾ ಏಣಿಯಿದೆ, ಪ್ರಗತಿ ನೋಟವಿದೆ, ಪಾಸು-ಫೇಲು ಇಲ್ಲ. ಕೂಲಿಗೆ ಹೋದ ಅಪ್ಪ ಅಮ್ಮನ ಜೊತೆ ಒಂದು ತಿಂಗಳು ಕಾಣೆಯಾಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಆ ಗುರುತು ಹೇಳುವುದು ಮಗುವಿನ ಯೋಗ್ಯತೆಯನ್ನಲ್ಲ, ಶಿಕ್ಷಕರು ಮುಂದೆ ಏನು ಮಾಡಬೇಕೆಂಬುದನ್ನು. ಸಮಾಲೋಚನೆಯ ದಾಖಲೆಗೂ ಇದೇ ಸ್ವಭಾವವಿರಬೇಕು.

ಕೆಲಸದ ಹೊರೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದರಲ್ಲೇ ಸಾಕಾಗಿರುವ ಶಿಕ್ಷಕರಿಗೆ ಮತ್ತೊಂದು ನಮೂನೆ ಹೊರಿಸಿದರೆ ಅದು ಮಾರ್ಚ್ ಕೊನೆಯ ವಾರ ಒಟ್ಟಿಗೆ ಕೂತು ಭರ್ತಿ ಮಾಡುವ ಕಾಗದವಾಗುತ್ತದೆ. ಎಲ್ಲ ಮಕ್ಕಳ ಮನಸ್ಸನ್ನೂ ಪ್ರತಿ ತಿಂಗಳು ಅಳೆಯುವ ಯೋಜನೆ ಈ ಕಾರಣಕ್ಕೇ ಬೇಡ. ನೆರವು ಸಿಗುತ್ತಿರುವ ಮಕ್ಕಳಿಗೆ ಮಾತ್ರ, ವರ್ಷಕ್ಕೆ ಮೂರು ಬಾರಿ, ಅರ್ಧ ಪುಟ ಸಾಕು: ಏಕೆ ಚಿಂತೆಯಾಯಿತು, ಏನು ಮಾಡಿದೆವು, ಮಗು ತಾನೇ ಹಾಕಿದ ಮುಖದ ಗುರುತು ಎಲ್ಲಿದೆ, ಬಿಸಿಯೂಟದ ಹೊತ್ತಿನಲ್ಲಿ ಯಾರ ಜೊತೆ ಕೂರುತ್ತದೆ, ಏನನ್ನು ಬದಲಾಯಿಸುತ್ತೇವೆ. ಹಾಜರಾತಿ ಹೇಗೂ ಸ್ಯಾಟ್ಸ್‌ನಲ್ಲಿದೆ. ಅದನ್ನು ಮತ್ತೆ ಬರೆಸುವ ಅಗತ್ಯವಿಲ್ಲ. ಇಡೀ ಶಾಲೆಯಲ್ಲಿ ಹನ್ನೆರಡೇ ಮಕ್ಕಳಿರುವ ಕಡೆ ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ, ಅಲ್ಲಿ ಪ್ರತಿ ಮಗುವಿನ ಕಥೆಯೇ ದಾಖಲೆ. ಮಾದರಿಗಳು ಕಾಣಬೇಕಾದರೆ ಕ್ಲಸ್ಟರ್ ಮಟ್ಟದಲ್ಲಿ, ಹೆಸರು ತೆಗೆದು, ಒಟ್ಟಿಗಿಟ್ಟು ನೋಡಬೇಕು. ಇದಕ್ಕೆ ತಗಲುವ ಸಮಯವನ್ನು ಇನ್ನಾವುದೋ ವರದಿಯನ್ನು ಕೈಬಿಟ್ಟು ಹೊಂದಿಸಿಕೊಡುವುದು ಇಲಾಖೆಯ ಜವಾಬ್ದಾರಿ. ಹೊಸ ಕಾಗದ ಬರುವಾಗ ಹಳೆಯ ಕಾಗದ ಹೋಗದಿದ್ದರೆ ಶಿಕ್ಷಕರು ಈ ಯೋಜನೆಯನ್ನು ವಿರೋಧಿಸುವುದೇ ಸರಿ.

ಮೂರನೆಯ ಆಕ್ಷೇಪ ನೈತಿಕವಾದದ್ದು. ಗುರುತಿಸಿದ ಮೇಲೆ ಕಳುಹಿಸಲು ಜಾಗವೇ ಇಲ್ಲದಿದ್ದರೆ ಗುರುತಿಸುವುದೇಕೆ? ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಬರೆದ ತಪಾಸಣೆಯ ತತ್ವಗಳು ಇದನ್ನೇ ಹೇಳುತ್ತವೆ: ಚಿಕಿತ್ಸೆ ಸಿಗದ ಕಡೆ ತಪಾಸಣೆ ಸಲ್ಲದು. ಇಲ್ಲಿ ಸೂಚಿಸುತ್ತಿರುವುದು ಜಿಲ್ಲೆಯ ಮಕ್ಕಳನ್ನೆಲ್ಲ ಜರಡಿ ಹಿಡಿಯುವ ತಪಾಸಣೆಯಲ್ಲ, ಈಗಾಗಲೇ ಕೊಡುತ್ತಿರುವ ನೆರವಿನ ಪರಿಶೀಲನೆ ಎಂಬುದು ಒಂದು ಉತ್ತರ. ಶಾಲೆಯ ಕೈಮೀರಿದ ಮಗುವಿಗೆ ಕೊಡಗಿನಲ್ಲಿ ದಾರಿಗಳು ತೀರ ಇಲ್ಲದಿಲ್ಲ ಎಂಬುದು ಇನ್ನೊಂದು: ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416, ಹಿಂಸೆ ಅಥವಾ ದೌರ್ಜನ್ಯದ ಶಂಕೆಯಿದ್ದರೆ ಮಕ್ಕಳ ಸಹಾಯವಾಣಿ 1098. ಜೊತೆಗೆ ಗೌಪ್ಯದ ಪ್ರಶ್ನೆಯಿದೆ. ಊರಿಗೆ ಊರೇ ಪರಸ್ಪರ ಪರಿಚಯವಿರುವ ಕಡೆ ಒಂದು ಕುಟುಂಬದ ಕುಡಿತದ ವಿಷಯ ಬರೆದ ಪುಟ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಮೇಜಿನ ಮೇಲೆ ಬಂದರೆ ನೆರವಿಗಿಂತ ಹಾನಿಯೇ ಹೆಚ್ಚು. ಪಾಲಕರ ಒಪ್ಪಿಗೆ, ಬೀಗದೊಳಗಿನ ಪುಸ್ತಕ, ವರ್ಗಾವಣೆ ಪತ್ರದಲ್ಲಿ ಅದರ ಸುಳಿವೂ ಇರದಿರುವುದು ಈ ವ್ಯವಸ್ಥೆಯ ಅಡಿಪಾಯ. ಅಷ್ಟು ಮಾಡಲಾಗದಿದ್ದರೆ ಶುರುವೇ ಮಾಡಬಾರದು.

ಕೊನೆಯ ಅಪಾಯ ಅಂಕಿಯ ದುರಾಸೆ. ಯಾವ ಅಂಕಿಯ ಮೇಲೆ ಬಹುಮಾನ, ಶಿಕ್ಷೆ ನಿಂತಿದೆಯೋ ಆ ಅಂಕಿ ಕೆಡುತ್ತದೆ ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಎಚ್ಚರಿಸಿದ್ದರು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಕೊಡಗಿಗೆ ಎಷ್ಟನೇ ಸ್ಥಾನ ಎಂದು ಕೇಳುವ ನಮ್ಮ ಅಭ್ಯಾಸ ಇಲ್ಲಿಗೂ ಬಂದು, ಸಮಾಲೋಚನೆಯಲ್ಲಿ ಮುಂದಿರುವ ತಾಲ್ಲೂಕು ಎಂಬ ಪಟ್ಟಿ ಶುರುವಾದರೆ ಎಲ್ಲ ಮಕ್ಕಳೂ ಕಾಗದದ ಮೇಲೆ ನಗುತ್ತಾರೆ. ಆದ್ದರಿಂದ ಈ ದಾಖಲೆಗೂ ಶಿಕ್ಷಕರ ಬಡ್ತಿ, ವರ್ಗಾವಣೆ, ನೋಟಿಸಿಗೂ ಸಂಬಂಧವಿರಕೂಡದು. ಫಲ ಕಾಣಲಿಲ್ಲ ಎಂದು ಬರೆದ ಶಿಕ್ಷಕರಿಗೆ ಕ್ಲಸ್ಟರ್ ಸಭೆಯಲ್ಲಿ ಸಿಗಬೇಕಾದದ್ದು ಹಾಗಾದರೆ ಬೇರೇನು ಮಾಡೋಣ ಎಂಬ ಮಾತು. ಕೂಡಿಗೆಯ ಡಯಟ್ ಇಂಥ ಸಭೆಗಳನ್ನು ನಡೆಸಲು ತಕ್ಕ ಸಂಸ್ಥೆ. ಶಿಕ್ಷಕರ ತರಬೇತಿ ಅದರ ಕೆಲಸವೇ ಆಗಿದೆ. ಭೂಕುಸಿತದ ವಲಯ, ಆನೆಗಳ ವಲಯ, ಆಶ್ರಮ ಶಾಲೆಗಳು, ಲೈನ್ ಮನೆಗಳ ಮಕ್ಕಳು ಹೆಚ್ಚಿರುವ ಶಾಲೆಗಳು ಎಂದು ನಾಲ್ಕು ಬಗೆಯ ಕೆಲವೇ ಶಾಲೆಗಳಲ್ಲಿ ಎರಡು ಪೂರ್ತಿ ವರ್ಷ, ಅಂದರೆ ಎರಡು ಮಳೆಗಾಲ ಮತ್ತು ಎರಡು ಕೊಯ್ಲು ದಾಟುವಷ್ಟು ಕಾಲ ನಡೆಸಿದರೆ ಜಿಲ್ಲೆಗೆ ತನ್ನದೇ ಆದ ತಿಳಿವು ಸಿಗುತ್ತದೆ.

ಆ ತಿಳಿವಿನ ಉಪಯೋಗ ಶಾಲೆಯ ಗೋಡೆಯೊಳಗೆ ಮುಗಿಯುವುದಿಲ್ಲ. ಪ್ರಾಥಮಿಕ ಶಾಲೆಗಳಿಗೂ ಆಪ್ತಸಮಾಲೋಚಕರು ಬೇಕೆಂಬ ಬೇಡಿಕೆಗೆ ಸರ್ಕಾರ ಒಂದಲ್ಲ ಒಂದು ದಿನ ಹಣ ಕೊಡಲೇಬೇಕಾಗುತ್ತದೆ. ಕೊಡುವಾಗ ಅದು ಜನಸಂಖ್ಯೆಯ ಲೆಕ್ಕದಲ್ಲಿ ಕೊಡುತ್ತದೆ; ಸುಮಾರು ಐದೂವರೆ ಲಕ್ಷ ಜನರ ಕೊಡಗಿಗೆ ಆ ಲೆಕ್ಕದಲ್ಲಿ ಸಿಗುವುದು ಕೆಲವೇ ಹುದ್ದೆ. ಆಗ ಬರಿಗೈಯಲ್ಲಿ ನಿಂತ ಜಿಲ್ಲೆ ಇನ್ನೂ ಹೆಚ್ಚು ಕೊಡಿ ಎಂದಷ್ಟೇ ಕೇಳಬಲ್ಲದು. ಎರಡು ವರ್ಷದ ದಾಖಲೆಯಿರುವ ಜಿಲ್ಲೆ ಕೇಳುವ ರೀತಿಯೇ ಬೇರೆ: ತಿತಿಮತಿಯ ಕಡೆಗೆ ಎರವ ಮಾತು ಬಲ್ಲ ಒಬ್ಬರು ಬೇಕು, ಕೊಯ್ಲಿನ ತಿಂಗಳುಗಳಲ್ಲಿ ಮಕ್ಕಳ ಹಿಂದೆ ಲೈನ್ ಮನೆಗೆ ಹೋಗುವ ಒಬ್ಬರು ಬೇಕು, ಮಕ್ಕಂದೂರಿನ ಕಡೆಗೆ ಬರುವವರು ಜೂನ್ ಒಂದರಂದೇ ಬರಬೇಕು, ಉಳಿದ ಕಡೆ ಈಗಿರುವ ಶಿಕ್ಷಕರಿಗೆ ವಾರಕ್ಕೆರಡು ಅವಧಿ ಬಿಡುವು ಕೊಟ್ಟರೆ ಸಾಕು.